ಕಿತ್ತಳೆ ಪಟ್ಟಿಯ ಮಳೆಕೋಟು

ಮಗಳಿಗೆ ಹದಿಮೂರು ತುಂಬಿತು ಎಂದರೆ ಮನೆಯಲ್ಲಿ ಎರಡು ಸದ್ದು ಜಾಸ್ತಿಯಾಗುತ್ತವೆ. ಒಂದು, ಅವಳು ಬಾಗಿಲು ಹಾಕಿಕೊಳ್ಳುವ ಧಡಾರ್. ಇನ್ನೊಂದು, ಅಮ್ಮನ "ಎಲ್ಲಿಗೆ?" ಇದನ್ನು ಓದಿ ನಿಮಗೆ ನಗು ಬಂದರೆ ನಿಮ್ಮ ಮನೆಯಲ್ಲೂ ಆ ವಯಸ್ಸಿನದೊಂದು ಇದೆ ಎಂದಾಯಿತು. ಹಾಗಿದ್ದರೆ ಈ ಟೈಲರಮ್ಮನ ಕಥೆ ಕೇಳಲೇಬೇಕು.

ಟೈಲರಮ್ಮನಿಗೆ ಅಂಗಡಿಯೂ ಮನೆಯೂ ಒಂದೇ. ಮಹಡಿಯ ಮೇಲೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಬೀದಿಯ ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ. ಕೆಳಗೆ ಇಸ್ತ್ರಿ ಅಕ್ಕನ ಅಂಗಡಿ. ನೆಲಕ್ಕೆ ಹಳೆಯ ಮರದ ಹಲಗೆ, ಸಂದು ಬಿಟ್ಟಿತ್ತು. ಆ ಸಂದಿನಿಂದ ಇಸ್ತ್ರಿಯ ಹಬೆ ಮೇಲೆ ಬರುತ್ತಿತ್ತು. ಹಬೆಯ ಜೊತೆ ಮಾತೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಆ ನಗು ಟೈಲರಮ್ಮನ ಮಗಳದು. ಅದೇ ತೊಂದರೆ.

ಮಗಳನ್ನು ಎಲ್ಲರೂ ಬಟನ್ ಎನ್ನುತ್ತಿದ್ದರು. ಅಂಬೆಗಾಲಿಡುವಾಗ ಸದಾ ಅಮ್ಮನ ಗುಂಡಿ ಡಬ್ಬಿ ಚೆಲ್ಲಿಕೊಂಡು ಕೂರುತ್ತಿದ್ದಳು, ಹೆಸರು ಅಂಟಿಬಿಟ್ಟಿತು. ಈಗ ಆ ಬಟನ್‌ಗೆ ಮೇಲೆ ಅಮ್ಮನ ಹತ್ತಿರ ಇರುವುದು ಎರಡೇ ಮಾತು: "ಹ್ಞೂಂ", "ಊಹೂಂ". ಕೆಳಗೆ ಇಸ್ತ್ರಿ ಅಕ್ಕನ ಹತ್ತಿರ ಕೂತಳೋ, ಬಾಯಿಗೆ ಬೀಗವೇ ಇಲ್ಲ. ಟೈಲರಮ್ಮ ಯಂತ್ರ ನಿಲ್ಲಿಸಿ ಕಿವಿ ಕೊಡುವಳು. ಮಾತು ಸರಿಯಾಗಿ ಕೇಳದು, ನಗು ಮಾತ್ರ ಕೇಳುವುದು. ಹೊಟ್ಟೆಯೊಳಗೆ ಯಾರೋ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗಾಗುವುದು.

"ಹೆತ್ತಿದ್ದು ನಾನು, ಹೊತ್ತಿದ್ದು ನಾನು. ಹರಟೆ ಮಾತ್ರ ಅವಳ ಜೊತೆ!" ಎಂದಳು ಗಂಡನಿಗೆ.

ಹಾಲಿನ ವ್ಯಾನ್ ಓಡಿಸುವ ಗಂಡ ಬೂಟು ಬಿಚ್ಚುತ್ತಾ, "ನೀನೂ ಕೆಳಗೆ ಹೋಗಿ ಕೂತ್ಕೋ, ಮೂರೂ ಜನ ನಗಬಹುದು" ಎಂದ.

"ನಿಮಗೆ ತಮಾಷೆ. ಆಯಮ್ಮ ತನ್ನ ಮಗಳನ್ನ ಹಗ್ಗ ಬಿಚ್ಚಿದ ಕರು ಥರ ಬಿಟ್ಟಿದ್ದಾಳೆ. ಎಲ್ಲಿಗೆ ಹೋದೆ ಅಂತ ಇಲ್ಲ, ಯಾವಾಗ ಬಂದೆ ಅಂತ ಇಲ್ಲ. ಹಾಗೆ ಬಿಟ್ಟರೆ ಯಾವ ಮಕ್ಕಳಿಗೆ ಇಷ್ಟ ಆಗಲ್ಲ ಹೇಳಿ? ನಮ್ಮೋಳನ್ನೂ ಹಾಳು ಮಾಡ್ತಾಳೆ."

"ಹಾಳಾಗಿದ್ದಾಳಾ?"

"ಆಗೋವರೆಗೂ ಕಾಯ್ಬೇಕಾ?"

ಇಸ್ತ್ರಿ ಅಕ್ಕನ ಮಗಳು ಬಟನ್‌ನ ತರಗತಿಯವಳೇ, ಅವಳಷ್ಟೇ ಎತ್ತರ. ಊರವರನ್ನೆಲ್ಲ ಮಾತಾಡಿಸಿಕೊಂಡು ತಿರುಗುವುದರಿಂದ ಅವಳ ಹೆಸರು ಚಿಲಿಪಿಲಿ. ಇಬ್ಬರೂ ಸಂಜೆ ಬೀದಿಯ ತುದಿಯ ಮೇಷ್ಟರ ಮನೆಗೆ ಟ್ಯೂಷನ್‌ಗೆ ಹೋಗುತ್ತಿದ್ದರು. ಚಿಲಿಪಿಲಿ ತನ್ನ ಪಾಡಿಗೆ ತಾನು. ಬಟನ್ ಮಾತ್ರ ಅಮ್ಮನ ಕೈ ಹಿಡಿದುಕೊಂಡು.

"ಅಮ್ಮಾ, ಎಲ್ಲರೂ ನಗ್ತಾರೆ. ಒಬ್ಬಳೇ ಹೋಗ್ತೀನಿ" ಎಂದು ಬಟನ್ ಗೋಗರೆದಳು. ಅಪ್ಪನೂ ಅವಳ ಪರ ಮಾತಾಡಿದ. ಕೊನೆಗೆ ಟೈಲರಮ್ಮ "ಆಯ್ತು, ಹೋಗು" ಎಂದಳು. ಆದರೆ ಸುಮ್ಮನೆ ಬಿಡುವ ಜೀವವೇ ಅದು? ಮಳೆಗಾಲ ಹಿಡಿದಿತ್ತು. ಮಗಳ ಮಳೆಕೋಟು ತೆಗೆದು, ಬೆನ್ನಿಗೆ ಅಡ್ಡಲಾಗಿ ಅಂಗೈ ಅಗಲದ ಕಿತ್ತಳೆ ಬಣ್ಣದ ಪಟ್ಟಿ ಹೊಲಿದಳು. ಕಿಟಕಿಯಲ್ಲಿ ಕೂತರೆ ಮೂಲೆಯ ದೀಪದ ಕಂಬದವರೆಗೂ ಪಟ್ಟಿ ಕಣ್ಣಿಗೆ ಹೊಡೆಯುತ್ತಿತ್ತು.

"ಇದೇನಮ್ಮಾ! ರಸ್ತೆ ರಿಪೇರಿಯವರ ಥರ ಕಾಣ್ತೀನಿ!"

"ಕಾಣಲಿ ಅಂತಾನೇ ಹಾಕಿದ್ದು."

"ಹೊಲಿದ ಕಡೆ ನೀರು ಒಳಗೆ ಬರುತ್ತೆ. ಬೆನ್ನೆಲ್ಲ ಒದ್ದೆ."

"ಒದ್ದೆಯಾದ್ರೆ ಕರಗಿ ಹೋಗಲ್ಲ ನೀನು."

ಮಳೆಬಟ್ಟೆಗೆ ಸೂಜಿ ಹಾಕಿದರೆ ತೂತು ಬಿದ್ದು ನೀರು ಸೋರುತ್ತದೆ ಎಂಬುದು ಹೊಲಿಗೆ ಕಲಿಯುವ ಹುಡುಗಿಯರಿಗೂ ಗೊತ್ತು. ಟೈಲರಮ್ಮನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಹೊಟ್ಟೆಕಿಚ್ಚು ಬಂದವರಿಗೆ ಕಸುಬು ಮರೆತುಹೋಗುತ್ತದೆ.

ಕೆಲವು ದಿನ ಕಳೆದ ಮೇಲೆ ಒಂದು ಸೋಜಿಗ ನಡೆಯಿತು. ಕಿತ್ತಳೆ ಪಟ್ಟಿ ಎಂದಿನಂತೆ ಬೀದಿಯುದ್ದಕ್ಕೂ ಹೋಯಿತು. ಕಂಬದ ಹತ್ತಿರ ನಿಂತಿತು. ತಲೆಗೆ ಕೋಟಿನ ಟೋಪಿ ಎಳೆದುಕೊಂಡಿದ್ದ ಹುಡುಗಿ ಹಿಂದಕ್ಕೆ ತಿರುಗಿ, ಕಿಟಕಿಯ ಕಡೆ ಕೈ ಬೀಸಿದಳು!

ಟೈಲರಮ್ಮನ ಎದೆ ಬೆಣ್ಣೆಯಾಯಿತು. ಮರುದಿನವೂ ಬೀಸಿದಳು, ಅದರ ಮರುದಿನವೂ. ಈ ಸಂತೋಷ ಒಬ್ಬಳೇ ಹೇಗೆ ಇಟ್ಟುಕೊಳ್ಳುವುದು? ಇಸ್ತ್ರಿಗೆ ಬಟ್ಟೆ ಕೊಡುವ ನೆಪದಲ್ಲಿ ಕೆಳಗಿಳಿದಳು.

"ನಮ್ಮ ಬಟನ್ ದಿನಾ ತಿರುಗಿ ಕೈ ಬೀಸಿಯೇ ಹೋಗೋದು ಅಕ್ಕಾ. ನಿಮ್ಮೋಳು?"

ಇಸ್ತ್ರಿ ಅಕ್ಕನ ಕೈ ಒಂದು ಕ್ಷಣ ನಿಂತಿತು. "ನನಗೆ ತಲೆ ಎತ್ತೋಕೆ ಪುರುಸೊತ್ತೆಲ್ಲಿ ಟೈಲರಮ್ಮ" ಎಂದಳು ಸಣ್ಣ ದನಿಯಲ್ಲಿ. ಆ ಸಣ್ಣ ದನಿ ಟೈಲರಮ್ಮನಿಗೆ ಸಕ್ಕರೆ ಮೆದ್ದಷ್ಟು ಸಿಹಿಯಾಯಿತು. ಸುಳ್ಳೇಕೆ ಹೇಳಬೇಕು.

ಒಂದು ಸಂಜೆ ಜೋರು ಮಳೆ. ಟ್ಯೂಷನ್ ಬಿಡುವ ಹೊತ್ತು. ಮಗಳ ಮಳೆಕೋಟು ಮನೆಯ ಕಡೆ ಓಡಿ ಬರುವುದು ಕಂಡು ಟೈಲರಮ್ಮ ಹಾಲು ಬಿಸಿ ಮಾಡಿದಳು. ಇಷ್ಟು ದಿನ ಕೈ ಬೀಸಿದ ಮಗಳಿಗೆ ಎದುರು ಹೋಗಬೇಕು ಅನ್ನಿಸಿತು. ಇಳಿದು ಹೋದರೆ, ಮೆಟ್ಟಿಲಿನ ಕೆಳಗೆ ಹುಡುಗಿ ಬೆನ್ನು ಮಾಡಿ ಕೋಟು ಬಿಚ್ಚುತ್ತಿದ್ದಾಳೆ. ಹಿಂದಿನಿಂದ ಹೋಗಿ ತಬ್ಬಿಕೊಂಡಳು. ಬೆನ್ನು ತಣ್ಣಗೆ, ಪೂರಾ ಒದ್ದೆ.

"ಆಂಟೀ... ನಾನು!"

ಟೋಪಿಯೊಳಗಿನಿಂದ ಹೊರಬಂದದ್ದು ಚಿಲಿಪಿಲಿಯ ಮುಖ.

"ನೀನಾ? ಬಟನ್ ಎಲ್ಲಿ?"

ಊರವರನ್ನೆಲ್ಲ ಮಾತಾಡಿಸುವ ಹುಡುಗಿ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಳು. ಅಷ್ಟರಲ್ಲಿ ಇಸ್ತ್ರಿ ಅಂಗಡಿಯೊಳಗಿನಿಂದ "ಅಯ್ಯೋ, ಉರೀತದೆ!" ಎಂಬ ಗುರುತಿನ ದನಿ ಕೇಳಿಸಿತು.

ನುಗ್ಗಿದಳು. ಬಟ್ಟೆ ಗಂಟುಗಳ ನಡುವೆ ಸ್ಟೂಲಿನ ಮೇಲೆ ಬಟನ್. ಮೊಣಕಾಲು ತರಚಿ ರಕ್ತ. ಇಸ್ತ್ರಿ ಅಕ್ಕ ಅವಳ ತಲೆ ಸವರುತ್ತಿದ್ದಾಳೆ. ಇಸ್ತ್ರಿಗೆ ಕೊಟ್ಟ ಬಿಳಿ ಕೋಟು ಒಯ್ಯಲು ಬಂದಿದ್ದ ಆರೋಗ್ಯ ಕೇಂದ್ರದ ನರ್ಸಮ್ಮ ಗಾಯ ತೊಳೆಯುತ್ತಿದ್ದಾರೆ. ಮಗಳ ಗಾಯ ಕಂಡು ಕರುಳು ಚುರುಕ್ ಎಂದಿತು, ನಿಜ. ಆದರೆ ಅದಕ್ಕಿಂತ ಮೊದಲು ಚುಚ್ಚಿದ್ದು ಮಗಳ ತಲೆಯ ಮೇಲಿದ್ದ ಆ ಕೈ.

"ಎಷ್ಟು ದಿನದಿಂದ ನಡೀತಿದೆ ಈ ನಾಟಕ? ನನ್ನ ಮಗಳು ಎಲ್ಲಿದ್ದಾಳೆ ಅಂತ ನಾನು ನಿಮ್ಮನ್ನ ಕೇಳ್ಬೇಕಾ ಅಕ್ಕಾ?"

"ಕೋಟನ್ನ ನಮ್ಮೋಳಿಗೆ ಕೊಟ್ಟು, ನನ್ನ ಅಂಗಡಿ ಹಿಂಬಾಗಿಲಿಂದ ಹಿಂದಿನ ಬೀದಿಗೆ ಹೋಗ್ತಾಳೆ. ಅಲ್ಲಿಂದ ಟ್ಯೂಷನ್‌ಗೇ ಹೋಗೋದು, ಬೇರೆಲ್ಲೂ ಇಲ್ಲ. ಇವತ್ತು ಚರಂಡಿ ಪಕ್ಕ ಜಾರಿದ್ಲು."

ಟೈಲರಮ್ಮ ಮಗಳ ಕಡೆ ತಿರುಗಿದಳು. "ಅದೇ ಟ್ಯೂಷನ್‌ಗೆ ಹೋಗೋಕೆ ಇಷ್ಟೆಲ್ಲ ಸುಳ್ಳಾ? ಆ ಬೀದೀಲಿ ಏನು ಕೊಪ್ಪರಿಗೆ ಚಿನ್ನ ಹೂತಿಟ್ಟಿದ್ದಾರೆ?"

"ಏನೂ ಇಲ್ಲ" ಎಂದಳು ಬಟನ್, ಮೂಗೇರಿಸುತ್ತಾ. "ಗಡಿಯಾರ ರಿಪೇರಿ ಅಂಗಡಿ ಕಿಟಕೀಲಿ ಒಂದು ಬೆಕ್ಕು ಮಲಗಿರುತ್ತೆ. ಆಮೇಲೆ... ಅಲ್ಲಿ ನನ್ನ ಬೆನ್ನ ಮೇಲೆ ಯಾರ ಕಣ್ಣೂ ಇರಲ್ಲ. ಅಷ್ಟೇ."

"ಇವರಿಗೆ ಹೇಳಿದ್ದೀಯ. ನನಗ್ಯಾಕೆ ಹೇಳ್ಲಿಲ್ಲ?"

ಇಷ್ಟು ದಿನ ಎದೆಯಲ್ಲಿ ಉರಿಯುತ್ತಿದ್ದ ಪ್ರಶ್ನೆ ಕೊನೆಗೂ ಬಾಯಿಗೆ ಬಂತು. ಬಟನ್ ಮೊಣಕಾಲು ನೋಡುತ್ತಲೇ ಹೇಳಿದಳು:

"ಇಸ್ತ್ರಿ ಆಂಟಿಗೆ ಏನಾದ್ರೂ ಹೇಳಿದ್ರೆ 'ಆಮೇಲೆ?' ಅಂತಾರೆ. ನಿನಗೆ ಹೇಳಿದ್ರೆ 'ಇನ್ಮೇಲೆ ಹೋಗ್ಕೂಡ್ದು' ಅಂತೀಯ."

ನರ್ಸಮ್ಮ ಹತ್ತಿ ಕೆಳಗಿಟ್ಟರು.

"ಟೈಲರಮ್ಮ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವತ್ತು ಇವಳು ಬಿದ್ದಲ್ಲಿಂದ ಏಳೋಕೆ ಆಗದೆ ಇದ್ದಿದ್ರೆ, ನೀವು ಎಲ್ಲಿ ಹುಡುಕ್ತಿದ್ರಿ?"

"ಎಲ್ಲಿ ಅಂದ್ರೆ... ಈ ಬೀದೀಲಿ."

"ಈ ಬೀದೀಲಿ ಅವಳು ಇರಲೇ ಇಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾದ್ರಿ, ಕಾದಿದ್ದು ಬೇರೆಯವರ ಮಗಳನ್ನ. ಬಿಗಿ ಮಾಡಿದ್ರೆ ಮಕ್ಕಳು ನಿಲ್ಲಲ್ಲ, ನಮಗೆ ಗೊತ್ತಿಲ್ಲದ ಬಾಗಿಲು ಹುಡುಕ್ಕೋತಾರೆ."

"ಹಾಗಂತ ಈ ಅಕ್ಕನ ಥರ ಬಿಟ್ಟುಬಿಡ್ಲಾ? ಕಾಲ ಹೇಗಿದೆ ಗೊತ್ತಲ್ಲ ನಿಮಗೆ?"

ಇಸ್ತ್ರಿ ಅಕ್ಕನ ಮುಖ ಕೆಂಪಾಯಿತು. ಮಾತಿಗೆ ಮಾತು ಬೆಳೆಯುವುದರಲ್ಲಿತ್ತು. ನರ್ಸಮ್ಮ ಬಾಗಿಲಲ್ಲಿ ನಿಂತಿದ್ದ ಚಿಲಿಪಿಲಿಯನ್ನು ಕರೆದರು. "ಅಲ್ಲಾ ಕಣೇ, ಬೇರೆಯವರ ಕೋಟು ಹಾಕ್ಕೊಂಡು ಸುಮ್ನೆ ಹೋಗೋದು ಬಿಟ್ಟು ಕೈ ಯಾಕೆ ಬೀಸಿದೆ? ಸಿಕ್ಕಿಹಾಕ್ಕೋತೀನಿ ಅಂತ ಭಯ ಆಗ್ಲಿಲ್ವಾ?"

"ಭಯ ಆಯ್ತು" ಎಂದಳು ಹುಡುಗಿ. "ಆದ್ರೆ ಆಂಟಿ ನೋಡ್ತಾ ಇದ್ರಲ್ಲ. ನಾನು ಹೋಗೋದನ್ನ ಯಾರೂ ನೋಡಲ್ಲ. ಅದಕ್ಕೆ... ಚೆನ್ನಾಗಿತ್ತು."

ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಹಬೆ ಒಮ್ಮೆ ಬುಸ್ಸೆಂದು ಸುಮ್ಮನಾಯಿತು.

"ಮೇಲಿನ ಕಿಟಕಿ ನೋಡಿ ನನಗೂ ಹೊಟ್ಟೆ ಉರೀತಿತ್ತು ಟೈಲರಮ್ಮ" ಎಂದಳು. "ಇವಳು ಊರಿಗೆಲ್ಲ ಚಿಲಿಪಿಲಿ, ನನ್ನ ಹತ್ತಿರ ಬಾಯಿ ಬಿಡಲ್ಲ. ನಿಮ್ಮ ಮಗಳು ಬಂದು ಕೂತು ಮಾತಾಡಿದಾಗ ಅದನ್ನ ಬಿಟ್ಟುಕೊಡೋಕೆ ಮನಸ್ಸಾಗ್ಲಿಲ್ಲ. ನಿಮಗೆ ಹೇಳ್ಬೇಕಿತ್ತು. ತಪ್ಪಾಯ್ತು."

"ಹೌದು, ತಪ್ಪೇ" ಎಂದರು ನರ್ಸಮ್ಮ, ಮುಲಾಜಿಲ್ಲದೆ. "'ನಿಮ್ಮಮ್ಮಂಗೂ ಹೇಳು, ಬೇಕಾದ್ರೆ ಜೊತೆಗೆ ನಾನೂ ಬರ್ತೀನಿ' ಅನ್ಬೇಕಿತ್ತು. ಈ ವಯಸ್ಸಿಗೆ ಎರಡೂ ಬೇಕು ತಾಯಿ. ಬಿಡೋ ಕೈಯೂ ಬೇಕು, ನೋಡೋ ಕಣ್ಣೂ ಬೇಕು. ತಮ್ಮ ಮನೇಲಿ ಸಿಗದ್ದನ್ನ ಈ ಹುಡುಗೀರು ಒಬ್ಬರು ಇನ್ನೊಬ್ಬರ ಮನೇಲಿ ಸಾಲ ತಗೊಂಡಿದ್ದಾರೆ, ಅಷ್ಟೇ."

"ಎಷ್ಟು ಬಿಡ್ಬೇಕು? ಅದನ್ನ ಹೇಳಿ ಮೊದ್ಲು" ಎಂದಳು ಟೈಲರಮ್ಮ. ದನಿಯಲ್ಲಿ ಜಗಳ ಹೋಗಿ ಸುಸ್ತು ಬಂದಿತ್ತು.

"ಎಲ್ಲ ಮಕ್ಕಳಿಗೂ ಒಂದೇ ಅಳತೆ ಬಟ್ಟೆ ಹೊಲೀತೀರಾ ನೀವು? ಇದೂ ಹಾಗೇ. ಸಣ್ಣದ್ರಿಂದ ಶುರು ಮಾಡಿ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್, ಇದನ್ನ ಅವಳೇ ಹೇಳ್ಲಿ. ತಡವಾದ್ರೆ ಏನು ಮಾಡ್ಬೇಕು ಅಂತ ಮೊದಲೇ ಕೂತು ಮಾತಾಡಿ. ನಡೆಸ್ಕೊಟ್ಟಳಾ, ಇನ್ನೊಂಚೂರು ಬಿಡಿ. ತಪ್ಪಿದ್ಲಾ, ಒಂದು ಹೆಜ್ಜೆ ಹಿಂದಕ್ಕೆ ಬಂದು ಮತ್ತೆ ಶುರು ಮಾಡಿ. ತಲೆ ಹೇಗೆ ಬಾಚ್ಕೋತಾಳೆ, ಕೋಟಿನ ಬಣ್ಣ ಯಾವುದು, ಅದು ಅವಳಿಗೆ ಬಿಟ್ಟಿದ್ದು. ಆಳದ ನೀರು, ವಾಹನ, ಕತ್ತಲು, ಫೋನಲ್ಲಿ ಗುರುತಿಲ್ಲದವರು, ಅಲ್ಲಿ ನಿಮ್ಮ ಮಾತೇ ಕೊನೆ ಮಾತು. ಎಲ್ಲಕ್ಕೂ 'ಬೇಡ' ಅಂದ್ರೆ, ನಿಜವಾಗ್ಲೂ ಬೇಡ ಅನ್ಬೇಕಾದ ಕಡೆ ನಮ್ಮ 'ಬೇಡ' ಅವರ ಕಿವಿಗೇ ಬೀಳಲ್ಲ."

"ಮತ್ತೆ ಸುಳ್ಳು ಹೇಳಿದ್ದು?"

"ಅದಕ್ಕೆ ಅವಳು ಜವಾಬು ಕೊಡ್ಬೇಕು. ಆದ್ರೆ ಇನ್ನು ಮುಂದೆ ನಿಜ ಹೇಳಿದ ದಿನ ಬೈಗುಳ ಬೇಡ. ನಿಜಕ್ಕೆ ಬೈಗುಳ ಸಿಕ್ಕಿದ್ರೆ ಮುಂದಿನ ಸಲ ಸುಳ್ಳೇ ಅಗ್ಗ ಅನ್ಸುತ್ತೆ."

ಆ ರಾತ್ರಿ ಊಟವಾದ ಮೇಲೆ ಅಪ್ಪ, ಅಮ್ಮ, ಮಗಳು ಕತ್ತರಿಸುವ ಮೇಜಿನ ಸುತ್ತ ಕೂತರು. ಎಳೆದಾಟ ನಡೆಯಿತು. ದಾರಿ ಬಟನ್ ಆರಿಸಬಹುದು. ಆದರೆ ಚರಂಡಿಗೆ ಮುಚ್ಚಳ ಬೀಳುವವರೆಗೆ ಮಳೆ ಬಂದ ದಿನ ಮುಂದಿನ ಬೀದಿಯೇ. ತಡವಾದರೆ ಮೇಷ್ಟರ ಮನೆಯಿಂದ ಫೋನು. ಸುಳ್ಳು ಹೇಳಿದ್ದಕ್ಕೆ ಒಂದು ವಾರ ಮತ್ತೆ ಕೈ ಹಿಡಿದುಕೊಂಡೇ ಟ್ಯೂಷನ್‌ಗೆ, ಈ ಸಲ ಅಪ್ಪನ ಜೊತೆ.

"ನಿನ್ನ ಕಡೆಯಿಂದ ಏನಾದ್ರೂ ಇದೆಯೇನಮ್ಮಾ?" ಎಂದ ಅಪ್ಪ, ಪಂಚಾಯಿತಿ ಮುಗಿಸುವವನ ಹಾಗೆ.

"ಪಟ್ಟಿ ಬಿಚ್ಚಬೇಕು."

ಟೈಲರಮ್ಮ ಒಂದೊಂದೇ ಹೊಲಿಗೆ ಬಿಚ್ಚಿದಳು. ದೀಪಕ್ಕೆ ಹಿಡಿದರೆ ಬೆನ್ನಿನುದ್ದಕ್ಕೂ ಸಾಲುಸಾಲು ಸೂಜಿ ತೂತು, ಒಂದೊಂದರಲ್ಲೂ ಬೆಳಕು. ಇಷ್ಟು ದಿನ ಇಬ್ಬರು ಮಕ್ಕಳ ಬೆನ್ನು ನೆನೆದದ್ದು ಇಲ್ಲಿಂದ. ಏನೂ ಹೇಳದೆ ಒಳಗಿನಿಂದ ಅಂಟುಪಟ್ಟಿ ಹಚ್ಚಿ ಮುಚ್ಚಿದಳು.

ಬಿಚ್ಚಿದ ಕಿತ್ತಳೆ ಪಟ್ಟಿಯನ್ನು ಚಿಲಿಪಿಲಿ ಬಂದು ಕೇಳಿಕೊಂಡು ಹೋದಳು. ತೂತು ಬೀಳಬಾರದೆಂದು ಅದನ್ನು ಅವಳ ಕೊಡೆಯ ಹಿಡಿಗೆ ಸುತ್ತಿ ಕೊಟ್ಟದ್ದೂ ಟೈಲರಮ್ಮನೇ.

ವಾರ ಕಳೆದು ಬಟನ್ ಒಬ್ಬಳೇ ಹೊರಟ ದಿನ ಟೈಲರಮ್ಮ ಕಿಟಕಿಗೆ ಬಂದಳು. ಬೀದಿ ತುಂಬ ಕೊಡೆ, ಕೋಟು. ಮಗಳು ಯಾವುದರಲ್ಲಿ ಎಂದು ತಿಳಿಯಲಿಲ್ಲ. ಕಂಬದ ಹತ್ತಿರ ಒಬ್ಬ ಹುಡುಗಿ ತಿರುಗಿ ಕೈ ಬೀಸಿದಳು. ಕೊಡೆಯ ಹಿಡಿ ಕಿತ್ತಳೆ. ಬೀಸಿದ್ದು ಕಿಟಕಿಗಲ್ಲ, ಕೆಳಗೆ ಅಂಗಡಿಯ ಬಾಗಿಲಿಗೆ. ಅಲ್ಲಿ ಇಸ್ತ್ರಿ ಅಕ್ಕ ಕೆಲಸ ಬಿಟ್ಟು ಬಂದು ನಿಂತು, ಎರಡೂ ಕೈ ಎತ್ತಿ ಬೀಸುತ್ತಿದ್ದಳು.

ಟೈಲರಮ್ಮನ ಹೊಟ್ಟೆ ಮತ್ತೆ ಚುರ್ರೆಂದಿತು. ಇರಲಿ. ಒಂದೇ ದಿನಕ್ಕೆ ಆರುವ ಕಿಚ್ಚು ಅಲ್ಲ ಅದು. ಯಂತ್ರದ ಮುಂದೆ ಹೋಗಿ ಕೂತಳು.

ಒಂದು ಸಂಜೆ ಮೇಷ್ಟರ ಮನೆಯಿಂದ ಫೋನು ಬಂತು: ತಡವಾಗುತ್ತದೆ. ತಡವಾಗಿಯೇ ಬಂದ ಬಟನ್ ಬಟ್ಟೆ ತುಂಡುಗಳ ರಾಶಿಯ ಮೇಲೆ ಕೂತಳು. "ಅಮ್ಮಾ, ಬೈಬೇಡ. ಬರ್ತಾ ಗಡಿಯಾರದಂಗಡಿ ಹತ್ತಿರ ಸ್ವಲ್ಪ ನಿಂತಿದ್ದೆ. ಆ ಬೆಕ್ಕು ಮರಿ ಹಾಕಿದೆ."

'ಇನ್ಮೇಲೆ' ಎಂಬ ಮಾತು ಟೈಲರಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡಳು. ಬಿಸಿ ಅನ್ನ ನುಂಗಿದಷ್ಟು ಕಷ್ಟವಾಯಿತು.

"ಆಮೇಲೆ?" ಎಂದಳು.

ಬಟನ್ ತಲೆ ಎತ್ತಿ ಅಮ್ಮನ ಮುಖ ನೋಡಿದಳು. ಆಮೇಲೆ ಶುರುವಾಯಿತು ನೋಡಿ! ಗಡಿಯಾರದ ಪೆಟ್ಟಿಗೆಯಲ್ಲೇ ಮರಿ ಹಾಕಿದ್ದು, ಅಂಗಡಿಯ ತಾತ ಒಂದು ಮರಿಗೆ ಅಲಾರಂ ಎಂದು ಹೆಸರಿಟ್ಟಿದ್ದು, ಗಡಿಯಾರ ಒಯ್ಯಲು ಬಂದ ಮೇಷ್ಟರ ಕಾಲಿಗೆ ತಾಯಿಬೆಕ್ಕು ಸಿಕ್ಕಿ ಅವರು ಕುಣಿದದ್ದು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಳಗಿನಿಂದ, ಹಲಗೆಯ ಸಂದಿನಲ್ಲಿ, ಹಬೆಯ ಜೊತೆ ಇಸ್ತ್ರಿ ಅಕ್ಕನ ದನಿ ಬಂತು. "ಏನ್ರೀ ಟೈಲರಮ್ಮಾ, ಏನಷ್ಟು ನಗು? ನಮಗೂ ಒಂಚೂರು ಹೇಳಿ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗ ಅಥವಾ ಮಗಳು ಇವತ್ತು ಸಂಜೆ ಮನೆಗೆ ಬಂದು ಏನಾದರೂ ಹೇಳಲು ಬಾಯಿ ತೆರೆಯಬಹುದು. ಬಾಯಿಗೆ ಬಂದ "ಬೇಡ"ವನ್ನು ಒಂದು ಗಳಿಗೆ ತಡೆಯಿರಿ, ಪೂರಾ ಕೇಳಿ. ಜೊತೆಗೆ ಕೂತು ಒಂದು ಸಣ್ಣ ಸ್ವಾತಂತ್ರ್ಯ ಗೊತ್ತು ಮಾಡಿ, ಅವರು ಅದನ್ನು ಹೇಗೆ ನಡೆಸುತ್ತಾರೆ ನೋಡಿ, ಆಮೇಲೆ ಇನ್ನೊಂದು ಕೊಡಿ. ಪಕ್ಕದ ಮನೆಯವರ ಮಕ್ಕಳು ನಿಮ್ಮ ಹತ್ತಿರ ಗುಟ್ಟು ಹೇಳಿದರೆ ಅವರ ತಾಯಿ ತಂದೆಯವರೆಗೆ ದಾರಿ ತೋರಿಸಿ. ಮಕ್ಕಳ ಬೆನ್ನಿಗೆ ಪಟ್ಟಿ ಹೊಲಿಯಬೇಡಿ. ಅವರು ತಾವಾಗಿಯೇ ಮೆಟ್ಟಿಲು ಹತ್ತಿ ಬಂದು ಮಾತಾಡುವ ಮನೆ ಕಟ್ಟಿ.