ನೀಲಿ ದೀಪ ಆರುವುದರೊಳಗೆ

ನಮ್ಮ ಮಗಳು ಪುಟ್ಟಿಗೆ ಮಾತು ತಡೆಯುತ್ತದೆ. ಕೆಲವು ಅಕ್ಷರಗಳು ಗಂಟಲಲ್ಲೇ ಪಟ್ಟು ಹಿಡಿದು ಕೂತುಬಿಡುತ್ತವೆ. ಅದರಲ್ಲೂ ‘ತ’ ಮಹಾ ಹಟಮಾರಿ. ಅದಕ್ಕೇ ನಮ್ಮ ಮನೆಯಲ್ಲಿ ಅತ್ತೆ ಒಂದು ಕಟ್ಟಳೆ ಮಾಡಿದ್ದರು. ಪುಟ್ಟಿ ಬಾಯಿ ತೆರೆದರೆ ಅವಳ ಮಾತನ್ನು ಬೇರೆ ಯಾರೂ ಮುಗಿಸಬಾರದು. ಒಲೆಯ ಮೇಲೆ ಹಾಲು ಉಕ್ಕಿದರೂ ಸರಿಯೇ, ಅವಳ ಮುಖ ನೋಡುತ್ತ ನಿಂತಿರಬೇಕು. ಹಾಗೆ ನಿಂತು ಎಷ್ಟು ಸಲ ಒಲೆ ಒರೆಸಿದ್ದೇನೋ ನನಗೇ ಲೆಕ್ಕವಿಲ್ಲ.

ಹೊರಗೆ ತುಟಿ ಬಿಚ್ಚದ ಹುಡುಗಿ ಸ್ಕೂಲಿನಿಂದ ಬಂದವಳೇ ಚೀಲ ಎಸೆದು, ಅಡುಗೆಮನೆ ಬಾಗಿಲಲ್ಲಿ ಕೂತು ಇಡೀ ದಿನದ ಕತೆ ಹೇಳುತ್ತಿದ್ದಳು. ಚಿಕ್ಕ ಕತೆಗೂ ಸಂಜೆಯೆಲ್ಲ ಹಿಡಿಯುತ್ತಿತ್ತು. ಸಂಜೆ ಇರುವುದೇ ಅದಕ್ಕೆ ಎನ್ನುವ ಹಾಗೆ ನಾವು ಕೇಳುತ್ತಿದ್ದೆವು.

ಹಳೆಯ ಟಿವಿ ಕೆಟ್ಟಾಗ ನಮ್ಮವರು ಹೊಸದನ್ನು ತಂದರು. ಅವರು ಬಸ್ ಡ್ರೈವರ್. ಡಿಪೋದಲ್ಲಿ ಯಾರೋ ಹೇಳಿದ್ದರಂತೆ, ಬಾಯಲ್ಲಿ ಹೇಳಿದರೆ ಸಾಕು, ಬೇಕಾದ್ದು ಬರುತ್ತದೆ ಎಂದು. ‘ಹಲೋ ಟಿವಿ’ ಎಂದರೆ ಅದರ ಕೆಳಗೊಂದು ನೀಲಿ ದೀಪ ಹೊತ್ತಿಕೊಳ್ಳುತ್ತಿತ್ತು. ದೀಪ ಉರಿಯುವಷ್ಟು ಹೊತ್ತು ಅದು ಕಿವಿಗೊಡುತ್ತದೆ.

“ಟಿವಿ ಮಾತಾಡೋದು, ನಾವು ಕೇಳೋದು ಅಂತಿತ್ತು. ಈಗ ಅದಕ್ಕೂ ನಾವೇ ಹೇಳಬೇಕಾ?” ಎಂದು ಗೊಣಗಿದರೂ ಅತ್ತೆಯೇ ಮೊದಲು ಮುಂದೆ ಬಂದರು. “ಹಲೋ ಟಿವಿ, ಸ್ವಲ್ಪ ಸೌಂಡ್ ಕಮ್ಮಿ ಮಾಡಪ್ಪಾ, ಕಿವಿ ತೂತು ಬೀಳ್ತಿದೆ.”

ಸೌಂಡ್ ಇಳಿಯಿತು.

“ಅಯ್ಯೋ, ಹಲ್ಲಿಲ್ಲದ ಬಾಯಿಗೂ ಮರ್ಯಾದೆ ಕೊಡ್ತಲ್ಲೋ!” ಅತ್ತೆ ಮಗನ ಕಡೆ ತಿರುಗಿದರು. “ಹುಟ್ಟಿದಾಗಿನಿಂದ ನೀನು ಒಂದು ದಿನ ಹೀಗೆ ನನ್ನ ಮಾತು ಕೇಳಿದ್ದೀಯಾ?”

ಎಲ್ಲರೂ ನಕ್ಕೆವು. ಆಮೇಲೆ ಪುಟ್ಟಿಯ ಸರದಿ. ಅವಳಿಗೆ ತಿಮಿಂಗಿಲ ಎಂದರೆ ಪ್ರಾಣ.

“ಹಲೋ ಟಿವಿ. ತ್... ತ್... ತಿ...”

ದೀಪ ಆರಿತು. ‘ಕ್ಷಮಿಸಿ, ಏನೂ ಕೇಳಿಸಲಿಲ್ಲ’ ಎಂದಿತು ಟಿವಿ. ನಾವೆಲ್ಲ ಅಭ್ಯಾಸದಂತೆ ಅವಳ ಮುಖ ನೋಡುತ್ತಿದ್ದೆವು. ಅವಳು ಮಾತ್ರ ದೀಪವನ್ನು ನೋಡುತ್ತಿದ್ದಳು. ಮತ್ತೆ ಎರಡು ಸಲ ಹಾಗೇ ಆಯಿತು.

“ಅಜ್ಜಿ, ನೀ...ನೀನೇ ಹೇಳು.”

ಅತ್ತೆ ಬಾಯಿ ತೆರೆದರು. ತಾವೇ ಮಾಡಿದ ಕಟ್ಟಳೆ ನೆನಪಾಗಿರಬೇಕು, ಮುಚ್ಚಿಕೊಂಡರು. ಕೊನೆಗೆ ನಮ್ಮವರು ರಿಮೋಟ್ ಒತ್ತಿ ತಿಮಿಂಗಿಲ ಹಾಕಿಕೊಟ್ಟರು.

ಮರುದಿನ ಬೆಳಿಗ್ಗೆ ಅವರು ಡ್ಯೂಟಿಯ ಚೀಲಕ್ಕೆ ಆ ರಿಮೋಟನ್ನು ಹಾಕಿಕೊಳ್ಳುತ್ತಿರುವುದು ಕಂಡಿತು.

“ರೀ, ಅದ್ಯಾಕೆ? ಬಸ್ಸಿಗೂ ರಿಮೋಟ್ ಬಂತಾ?”

“ತಮಾಷೆ ಸಾಕು. ಕ್ಲಾಸಲ್ಲಿ ನಗ್ತಾರೆ ಅಂತ ತಾನೇ ಅವಳು ಬಾಯಿ ಬಿಡಲ್ಲ? ಇದು ನಗಲ್ಲ, ಅಣಕಿಸಲ್ಲ. ನೂರು ಸಲ ತಪ್ಪಿದ್ರೂ ಬೇಜಾರು ಮಾಡ್ಕೊಳ್ಳಲ್ಲ. ಹೇಳಿ ಹೇಳಿ ನಾಲಿಗೆ ಹೊರಳಲಿ, ಬಿಡು.”

“ನಗಲ್ಲ, ಸರಿ. ಕಾಯುತ್ತಾ?”

ಅವರಿಗೆ ಹೊತ್ತಾಗಿತ್ತು, ಹೊರಟುಬಿಟ್ಟರು. ಮಗಳಿಗಾಗಿ ಅಷ್ಟು ಆಸೆ ಇಟ್ಟುಕೊಂಡವರನ್ನು ಅಡ್ಡಗಟ್ಟಲು ನನಗೂ ಮನಸ್ಸಾಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಅವರು ಬಂದಾಗ ಟಿವಿಯಲ್ಲಿ ಫುಟ್‌ಬಾಲ್ ಆಟ ಓಡುತ್ತಿತ್ತು.

“ಯಾರು ಹಾಕಿದ್ದು?”

“ನಾ...ನಾನೇ ಅಪ್ಪ.”

ಯೂನಿಫಾರ್ಮಿನಲ್ಲೇ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟರು. “ನೋಡಿದ್ಯಾ? ನಾನು ಹೇಳಿರಲಿಲ್ವಾ?” ಎಂದು ನನ್ನನ್ನು ಛೇಡಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

ಆಮೇಲೆ ದಿನಾ ಸಂಜೆ ಆಟವೇ. ಒಮ್ಮೆ ಒಣಗಿದ ಬಟ್ಟೆ ಮಡಚುತ್ತ ಅವಳ ಪಕ್ಕ ಕೂತೆ.

“ಯಾರು ಗೆಲ್ತಿದಾರೆ ಪುಟ್ಟಿ?”

“ಗೊ...ಗೊತ್ತಿಲ್ಲ.”

“ನಿಂಗೆ ಈ ಆಟ ಇಷ್ಟಾನಾ?”

ಇಲ್ಲವೆಂದು ತಲೆಯಾಡಿಸಿದಳು. ನಾನು ಕಾದೆ. ತುಂಬಾ ಹೊತ್ತು ಕಾದೆ.

“ಆಟ ಅಂತ... ಬ...ಬೇಗ ಹೇಳಬಹುದಮ್ಮ. ದೀಪ ಆರೋ...ಆರೋದ್ರೊಳಗೆ.”

ಮಡಚುತ್ತಿದ್ದ ಅಂಗಿ ಕೈಯಲ್ಲೇ ಉಳಿಯಿತು. ಬೇಕಾದ್ದನ್ನಲ್ಲ, ಹೇಳಲು ಬರುವುದನ್ನು ನೋಡುತ್ತ ಕೂತಿದ್ದಳು ನನ್ನ ಮಗು.

ಅವರು ಬಂದು ಮುಖ ತೊಳೆಯುತ್ತಿರುವಾಗ ಹೇಳಿದೆ. ಟವೆಲ್ ಹಿಡಿದವರು ಮುಖ ಒರೆಸಿಕೊಳ್ಳುವುದನ್ನೇ ಮರೆತರು.

“ಓಡಿ ಬರೋರು ಕನ್ನಡೀಲಿ ಕಂಡ್ರೆ ಬಸ್ಸು ನಿಲ್ಲಿಸ್ತೀನಿ ಕಣೇ. ಒಳಗೆ ಕೂತೋರು ಬೈದ್ರೂ ನಿಲ್ಲಿಸ್ತೀನಿ. ನನ್ನ ಮಗಳನ್ನೇ...” ಮುಂದೆ ಮಾತು ಬರಲಿಲ್ಲ. ನಾನೂ ಅದನ್ನು ಮುಗಿಸಲು ಹೋಗಲಿಲ್ಲ.

ಚೀಲದಿಂದ ರಿಮೋಟ್ ತೆಗೆದು ಪುಟ್ಟಿಯ ಮಡಿಲಲ್ಲಿಟ್ಟರು. ಟಿವಿಯ ಕಿವಿಯನ್ನು ಪೂರ್ತಿ ಮುಚ್ಚಿಸಿದರು. ನೀಲಿ ದೀಪ ಮತ್ತೆ ಹೊತ್ತಲಿಲ್ಲ. ತಿಮಿಂಗಿಲಗಳು ವಾಪಸು ಬಂದವು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಆದರೆ ಅವಳು ಕಲಿತದ್ದು ಅವಳಲ್ಲೇ ಉಳಿದಿತ್ತು. ಮೊನ್ನೆ ತಲೆನೋವಿನಿಂದ ಹಣೆ ಒತ್ತಿಕೊಂಡು ಮಲಗಿದ್ದವಳನ್ನು ಏನಾಯಿತೆಂದು ಕೇಳಿದರೆ ‘ಸುಸ್ತು’ ಎಂದಳು. ಗೆಳತಿ ಜಗಳ ಆಡಿದಾಗ ಯಾಕೆಂದು ಕೇಳಿದರೂ ‘ಸುಮ್ನೆ’ ಎನ್ನುತ್ತಾಳೆ. ಅಡುಗೆಮನೆ ಬಾಗಿಲಲ್ಲಿ ಈಗ ಕೂರುವುದಿಲ್ಲ. ಮಾತಾಡುವಾಗ ನಮ್ಮ ಮುಖದಲ್ಲೂ ಏನನ್ನೋ ಹುಡುಕುತ್ತಾಳೆ, ಅದು ಯಾವಾಗ ಆರುತ್ತದೋ ಎನ್ನುವಂತೆ.

ಇವತ್ತು ನಮ್ಮವರು ಬೇಗ ಬಂದಿದ್ದರು. ಅತ್ತೆ ಜಪದ ಹಾಗೆ ಕೈ ಜೋಡಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ನಾನು ಹಾಲಿಟ್ಟು ಬಾಗಿಲಿಗೆ ಬಂದೆ. ನಮ್ಮವರು ಟಿವಿ ಆರಿಸಿ, ನೆಲದ ಮೇಲೆ ಪುಟ್ಟಿಯೆದುರು ಕೂತು ಕೇಳಿದರು:

“ಇವತ್ತು ಸ್ಕೂಲಲ್ಲಿ ಏನೇನಾಯ್ತು ಪುಟ್ಟಿ? ನಿಧಾನವಾಗಿ ಹೇಳಮ್ಮ, ನಂಗೇನೂ ಕೆಲಸ ಇಲ್ಲ.”

ಮೂವರೂ ಅವಳ ಮುಖ ನೋಡುತ್ತ ಕಾದೆವು.

“ಏನಿಲ್ಲಪ್ಪ,” ಎಂದಳು.

ಎಲ್ಲೂ ತಡೆಯದೆ, ಒಂದೇ ಉಸಿರಿಗೆ ಬಂತು. ಅತ್ತೆ ಮುಖ ಆಚೆ ತಿರುಗಿಸಿದರು. ನಾನು ಒಳಗೆ ಹೋಗಿ ಒಲೆ ಆರಿಸಿದೆ. ಹಾಲು ಇನ್ನೂ ಉಕ್ಕಿರಲಿಲ್ಲ.