ಚನಿಯಾರುವಿಗೆ ಬಿದ್ದ ಓಟು

"ಬೇವರ್ಸಿ, ಓಟಿಗೆ ನಿಂತದ್ದಲ್ವಾ ನೀನು? ನಿನ್ನ ಗಂಡನೂ ಹಾಕ್ಲಿಲ್ಲ!" ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನ ಸಂಕಪ್ಪ ಚನಿಯಾರುವಿನ ಒಂದು ಕಟ್ಟು ಬೀಡಿಯನ್ನು, ಕೆಟ್ಟದ್ದೆಂದು ತೆಗೆದುಹಾಕುವ ಛಾಟಿನ ಬುಟ್ಟಿಗೆ ಎಸೆದ. "ಒಂದು ಓಟು ಮಾರಾಯ್ರೆ. ಒಂದೇ ಒಂದು!"

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ನಗದಿದ್ದರೆ ಅವರ ಬೀಡಿಯೂ ಅದೇ ಬುಟ್ಟಿಗೆ ಬೀಳುತ್ತಿತ್ತು.

ಪಂಚಾಯತಿನ ಮಹಿಳಾ ಮೀಸಲು ಸೀಟಿಗೆ "ನೀವೇ ನಿಲ್ಲಿ ಅಕ್ಕ, ಬೀಡಿ ಕಟ್ಟುವವರೆಲ್ಲ ನಿಮಗೇ" ಎಂದು ಹುರಿದುಂಬಿಸಿದವರು ಇವರೇ. ಸಂಕಪ್ಪನ ಹೆಂಡತಿ ಪ್ರೇಮಾವತಿ ನಾಮಪತ್ರ ಹಾಕಿದ್ದೇ ತಡ, ಬಾಯಿಗೆ ಬೀಗ ಬಿತ್ತು. ಕೆಲವರು ಜಾತಿ ನೋಡಿದರು, ಕೆಲವರು ಗಂಡನ ಮುಖ ನೋಡಿದರು. ಚನಿಯಾರುವಿನ ಕಾಲನಿಯವರನ್ನು ಸಂಕಪ್ಪ ದೈವದ ಕಟ್ಟೆಯ ಮುಂದೆ ನಿಲ್ಲಿಸಿ, ಕೈಗೆ ಅಕ್ಕಿಕಾಳು ಕೊಟ್ಟು, ಪ್ರೇಮಾವತಿಗೇ ಓಟೆಂದು ಆಣೆ ಹಾಕಿಸಿದ. ಚನಿಯಾರುವನ್ನೂ ಬಿಡಲಿಲ್ಲ. ಅವಳ ಗಂಡ ಶೀನಪ್ಪನಿಗೆ ಸಂಕಪ್ಪನ ತೋಟದಲ್ಲೇ ಕೆಲಸ. ಗಂಡನೇ ಅವಳ ಕೈ ಹಿಡಿದು ಅಕ್ಕಿ ಹಾಕಿಸಿದ.

ಮನುಷ್ಯರಿಗೆ ಹೆದರದ ಹೆಂಗಸು ದೈವಕ್ಕೆ ಹೆದರಿದಳು. ಮತಗಟ್ಟೆಯಲ್ಲಿ ತನ್ನ ಹೆಸರನ್ನು ಒಮ್ಮೆ ಬೆರಳಿಂದ ಸವರಿ, ಮುದ್ರೆಯನ್ನು ಪ್ರೇಮಾವತಿಯ ಹೆಸರಿಗೆ ಒತ್ತಿದಳು. ಹೊರಗೆ ಬಂದಾಗ ಜೊತೆಗೆ ಬೀಡಿ ಕಟ್ಟುವ ಹಫ್ಸ ಕೈ ಹಿಡಿದಳು. "ನಿನಗೇ ಹಾಕಿದೆ ಚನಿಯಾರಕ್ಕ." ಹಫ್ಸಳ ಕೇರಿಯವರೆಲ್ಲ ಓಟಿಗೆ ನಿಂತಿದ್ದ ತಮ್ಮವಳೇ ಆದ ಮುರ್ಶಿದಾಳಿಗೆ ಹಾಕಿದ್ದರು. ಹಫ್ಸ ಒಬ್ಬಳೇ ಬೀಡಿ ಕಟ್ಟುವವಳಿಗೆ ಹಾಕಿದ್ದಳು. ನಾಚಿಕೆಯಿಂದ ಚನಿಯಾರು ಮಸಿ ಹಚ್ಚಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಆ ಒಂದು ಓಟು ಯಾರದ್ದು?" ಬ್ರಾಂಚಿನಲ್ಲಿ ಸಂಕಪ್ಪ ಈಗ ಎದ್ದು ನಿಂತ. "ನಿಂದಾ? ದೈವಕ್ಕೆ ಅಕ್ಕಿ ಹಾಕಿದ್ದಿ ಅಲ್ವಾ? ನಿಂದಲ್ಲದಿದ್ರೆ ಈ ಸಾಲಲ್ಲಿ ಇನ್ನೊಬ್ಬಳು ಕಳ್ಳಿ ಉಂಟು. ಅವಳಿಗೆ ನಾಳೆಯಿಂದ ಎಲೆಯೂ ಇಲ್ಲ, ಹೊಗೆಸೊಪ್ಪೂ ಇಲ್ಲ."

ಸಾಲಿನ ಕೊನೆಯಲ್ಲಿ ಹಫ್ಸ ಬುಟ್ಟಿಯನ್ನು ಕೆಳಗಿಟ್ಟಳು. ಅವಳ ಗಂಡ ಬಾವಾ ಹಾಸಿಗೆ ಹಿಡಿದಿದ್ದ. ಆ ಮನೆಯ ಗಂಜಿ ಈ ಬೀಡಿಯಿಂದಲೇ ಬೇಯಬೇಕು. ಆದರೂ ಹೇಳಿಬಿಡಲು ಬಾಯಿ ತೆರೆದಳು.

"ನಂದೇ," ಎಂದಳು ಚನಿಯಾರು. "ನಾನೇ ಒತ್ತಿದ್ದು."

"ಆಣೆ ಮುರಿದ್ಯಾ ರಂಡೆ? ದೈವ ಬಿಡ್ತದಾ ನಿನ್ನನ್ನು?"

"ಮುರಿದೆ. ದೈವ ನನ್ನತ್ರ ಕೇಳ್ಲಿ. ನಿಮಗೇನು ಧಣಿ?"

ಅವಳ ಕಟ್ಟುಗಳೆಲ್ಲ ಮಳೆಗೆ ನೆನೆದ ಅಂಗಳಕ್ಕೆ ಬಿದ್ದವು. ಬಗ್ಗಿ ಆಯ್ದುಕೊಂಡಳು. ಹಫ್ಸ ಒಂದು ಹೆಜ್ಜೆ ಮುಂದಿಟ್ಟಾಗ ಕಣ್ಣಲ್ಲೇ ಗದರಿಸಿ ಸಾಲಿಗೆ ಕಳಿಸಿದಳು. ಬೇರೆ ಯಾರೂ ಅಲುಗಾಡಲಿಲ್ಲ.

ಮನೆಯ ದಾರಿಯಲ್ಲಿ ದೈವದ ಕಟ್ಟೆ ಸಿಕ್ಕಿತು. ಹೋಗುತ್ತ ಬರುತ್ತ ಕೈಮುಗಿಯುತ್ತಿದ್ದ ಜಾಗ. ಇವತ್ತು ಕೈ ಏಳಲಿಲ್ಲ.

"ನಾನು ಆಣೆ ಉಳಿಸಿದ್ದು ನಿನಗೆ, ಹಫ್ಸಳಿಗೆ ಮಾತ್ರ ಗೊತ್ತುಂಟು," ಎಂದಳು. "ಮುಂದಿನ ಸಲ ಉಳಿಸುವುದಿಲ್ಲ."

ಮತ್ತೆ ಅಲ್ಲೇ ಕೂತು, ಒದ್ದೆಯಾದ ಬೀಡಿಗಳನ್ನು ಮಡಿಲಲ್ಲಿ ಹರಡಿಕೊಂಡು ಅತ್ತಳು.