ನಾಲ್ಕು ಮಿಲಿಮೀಟರ್ ಸರಿದ ಗೋಡೆ

ಇನ್ಶಿರಾಹ್ ಅವರ ಗೋಡೆಯ ಲೆಕ್ಕವನ್ನು ನಾನು ಎರಡು ಬಾರಿ ಮಾಡಿದ್ದೆ. ಗೋಡೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಇಂಬಾಬಾ ಬಡಾವಣೆಯ ಮನೆಗಳ ಕೆಳಗೆ ಮೆಟ್ರೊ ಸುರಂಗ ಕೊರೆಯುತ್ತಿದ್ದರು. ಮೇಲಿನ ಗೋಡೆಗಳು ಸರಿಯುತ್ತಿವೆಯೇ ಎಂದು ತಿಳಿಯಲು ಲೇಸರ್ ಯಂತ್ರದವರು ರಸ್ತೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಒಂದೊಂದು ಗೋಡೆಯಿಂದ ಲಕ್ಷಗಟ್ಟಲೆ ಬಿಂದುಗಳನ್ನು ಅಳೆದು ದೊಕ್ಕಿಯ ನಮ್ಮ ಕಚೇರಿಗೆ ಕಳಿಸುತ್ತಿದ್ದರು. ಆ ಅಳತೆ ಎಷ್ಟು ತಪ್ಪಿರಬಹುದು ಎಂದು ಹೇಳುವುದು ನನ್ನ ಕೆಲಸ. ಬಿಸಿಲಿಗೆ ನಡುಗುವ ಗಾಳಿ, ಕಿರಣ ಓರೆಯಾಗಿ ಬೀಳುವ ಕೋನ, ಇಟ್ಟಿಗೆಯ ಒರಟುತನ, ಯಂತ್ರದ ಸ್ವಂತ ದೌರ್ಬಲ್ಯ, ಎಲ್ಲಕ್ಕೂ ನನ್ನ ಪಟ್ಟಿಯಲ್ಲಿ ಒಂದೊಂದು ಸಾಲಿತ್ತು. ಎರಡು ವರ್ಷದಿಂದ ಆ ಪಟ್ಟಿಯ ಜೊತೆ ಒಬ್ಬನೇ ಕೂತಿದ್ದೆ. ಯಾರೊಂದಿಗೂ ಮಾತಾಡಬೇಕಾಗಿಲ್ಲದ ಕೆಲಸ. ಅದಕ್ಕೇ ನನಗೆ ಒಗ್ಗಿತ್ತು.

ಇನ್ಶಿರಾಹ್ ಅವರ ಗೋಡೆ ಎರಡು ತಿಂಗಳಲ್ಲಿ ನಾಲ್ಕು ಮಿಲಿಮೀಟರ್ ರಸ್ತೆಯ ಕಡೆಗೆ ಬಂದಿತ್ತು. ಮೂರು ದಾಟಿದರೆ ಮನೆ ಖಾಲಿ ಮಾಡಿಸಬೇಕು ಎಂಬುದು ನಿಯಮ. ನನ್ನ ಪಟ್ಟಿಯ ಪ್ರಕಾರ ಅಳತೆ ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚು ತಪ್ಪುವಂತಿರಲಿಲ್ಲ.

ನಮ್ಮ ಮುಖ್ಯಸ್ಥ ಡಾಕ್ಟರ್ ವಗ್ದಿ ನಕಾಶೆಯನ್ನು ಮೇಜಿನ ಮೇಲೆ ಹರಡಿದರು. ಉಬ್ಬಿದ ಜಾಗವೆಲ್ಲ ಕೆಂಪಾಗಿತ್ತು.

"ನೋಡು ಮುಹಾಬ್, ನಡುವೆ ಉದ್ದಕ್ಕೆ ಉಬ್ಬಿದೆ, ಎರಡೂ ಕಡೆ ರೆಕ್ಕೆ ಬಿಚ್ಚಿದ ಹಾಗಿದೆ. ಸುರಂಗ ಒತ್ತಿದ್ರೆ ಹೀಗೇ ಆಗೋದು."

"ಪಕ್ಕದಲ್ಲೊಂದು ಕೆಂಪು ಚೌಕ, ಕೆಳಗೆ ಬಲಕ್ಕೆ ಇನ್ನೊಂದು ಕೆಂಪು ಮಚ್ಚೆ ಇದೆಯಲ್ಲ, ಡಾಕ್ಟರ್?"

"ಅದೂ ಒತ್ತಡನೇ." ಅವರು ಮನೆ ಖಾಲಿ ಮಾಡಿಸುವ ನೋಟಿಸನ್ನು ನನ್ನ ಕೈಗಿಟ್ಟರು. "ನೀನೇ ಹೋಗಿ ಕೊಡು. ಮೆಟ್ರೊದವರು ಹೋದ್ರೆ ಬೀದಿಯವರು ಚಪ್ಪಲಿ ತಗೋತಾರೆ. ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ಪಾಪ ಅನ್ಸುತ್ತೆ."

ಹಿಂದಿನ ಓಣಿಯ ಕಡೆಯಿಂದ ಹೋಗಿ ಆ ಮನೆಯ ಹಿಂಬಾಗಿಲು ತಟ್ಟಿದೆ. ಎಪ್ಪತ್ತರ ಆಸುಪಾಸಿನ ಹೆಂಗಸು ತೆರೆದರು.

"ಇನ್ಶಿರಾಹ್ ಅಮ್ಮ ಅಂದ್ರೆ..."

"ಹಾಜ್ಜಾ ಇನ್ಶಿರಾಹ್. ಹಜ್ ಮುಗಿಸಿ ಬಂದು ಇನ್ನೂ ತಿಂಗಳಾಗಿಲ್ಲ, ಕಾಲು ಊದಿಕೊಂಡೇ ಇದೆ. ಆ ಹೆಸರೇನು ಸುಮ್ನೆ ಬಂತಾ? ಒಳಗೆ ಬಾ ಮಗಾ. ಟೀಗೆ ಸಕ್ಕರೆ ಎಷ್ಟು?"

"ಒಂದು ಚಮಚ, ಹೆಚ್ಚುಕಮ್ಮಿ."

"ಹೆಚ್ಚೋ ಕಮ್ಮಿನೋ ನೆಟ್ಟಗೆ ಹೇಳು. ಅಷ್ಟು ಓದಿರೋ ಹಾಗೆ ಕಾಣ್ತೀಯ." ನಾಲ್ಕು ಚಮಚ ಹಾಕಿದರು.

ನೋಟಿಸು ಜೇಬಿನಲ್ಲೇ ಇತ್ತು. ಈ ಮನೆಯನ್ನು ಬಿಟ್ಟುಹೋಗಿ ಎಂದು ಹೇಳಲು ನಾಲಿಗೆ ಹೊರಳದೆ, ಅದರ ಬದಲು ನಕಾಶೆಯನ್ನು ಅವರ ಮುಂದೆ ಹರಡಿದೆ. "ನಿಮ್ಮ ಮುಂದಿನ ಗೋಡೆ ಉಬ್ಬಿದೆ ಹಾಜ್ಜಾ. ಇಲ್ಲಿ ಕೆಂಪಾಗಿದೆಯಲ್ಲ, ಇಷ್ಟೂ ಸುರಂಗ ಒತ್ತಿರೋದು."

ಅವರು ಕನ್ನಡಕ ಹುಡುಕಿ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಇದು ನನ್ನ ವಿಮಾನ ಕಣೋ. ಕೆಂಪು ಯಾಕೆ ಬಳಿದಿದೀರ? ಅದು ನೀಲಿ."

ರಸ್ತೆಗೆ ಬಂದು ಮೊದಲ ಬಾರಿಗೆ ಗೋಡೆಯ ಎದುರು ನಿಂತೆ. ಹೊಸ ಸುಣ್ಣದ ಮೇಲೆ ಕಾಬಾದ ಕಪ್ಪು ಚೌಕ, ಅದರ ಪಕ್ಕದಲ್ಲಿ ರೆಕ್ಕೆ ಚಾಚಿದ ನೀಲಿ ವಿಮಾನ, ಕೆಳಗೆ ಬಲಕ್ಕೆ ಒಂದು ಹಡಗು. ಹಜ್‌ಗೆ ಹೋಗಿ ಬಂದವರ ಮನೆಗೋಡೆಯ ಮೇಲೆ ಯಾತ್ರೆಯ ಚಿತ್ರ ಇರಲೇಬೇಕು. ನನ್ನ ಸ್ವಂತ ಅಜ್ಜಿಯ ಮನೆಯ ಮೇಲೂ ಇತ್ತು. ನನ್ನ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

"ಪೇಂಟರ್ ಗಾರೆ ಮೆತ್ತಿ ಉಬ್ಬಿಸಿ ಮಾಡಿದಾನೆ," ಎಂದರು ಹಾಜ್ಜಾ ಹೆಮ್ಮೆಯಿಂದ. "ಪಕ್ಕದ ಬೀದಿ ರತೀಬಾ ಮನೇದು ಬರೀ ಚಪ್ಪಟೆ."

"ಎಷ್ಟು ದಪ್ಪ ಮೆತ್ತಿದಾನೆ ಅಂತ ನೋಡ್ಬೇಕು ಹಾಜ್ಜಾ. ಸ್ವಲ್ಪ ಕೆರೆದರೆ..."

"ಕಾಬಾ ಮುಟ್ಟಿದ್ರೆ ಕೈ ಮುರೀತೀನಿ. ವಿಮಾನನೂ ಬೇಡ." ಸ್ವಲ್ಪ ಯೋಚಿಸಿದರು. "ಹಡಗು ಕೆರಕೋ. ನಾನು ಹಡಗಲ್ಲಿ ಹೋಗೇ ಇಲ್ಲ. ಅವನಿಗೆ ಹಡಗು ಚೆನ್ನಾಗಿ ಬರುತ್ತೆ ಅಂತ ಬರೆದ. ಸುಳ್ಳು ತಾನೆ, ಎಷ್ಟು ಬೇಕಾದ್ರೂ ಕೆರಕೋ."

ಅವರ ಅಡುಗೆಮನೆಯ ಚಾಕುವಿನಿಂದ ಹಡಗಿನ ತಳ ಕೆರೆದೆ. ಹಳೆಯ ಗೋಡೆ ಕಂಡಿತು. ಜೇಬಿನ ವರ್ನಿಯರ್ ಅಳತೆಗೋಲು ಇಟ್ಟು ಅಳೆದೆ: ಮೂರೂ ಮುಕ್ಕಾಲು ಮಿಲಿಮೀಟರ್. ಬೀದಿಯ ಅರ್ಧ ಜನ ಬಗ್ಗಿ ನೋಡುತ್ತಿದ್ದರು. ಅಲ್ಲಿಂದಲೇ ಡಾಕ್ಟರ್ ವಗ್ದಿಗೆ ಫೋನ್ ಮಾಡಿದೆ.

"ಅಂದ್ರೆ ಗೋಡೆ ಸರಿದಿಲ್ಲ?"

"ಹಾಗಂತ ಹೇಳಕ್ಕಾಗಲ್ಲ ಡಾಕ್ಟರ್. ಪೇಂಟರ್ ಕೈ ಒಂದೊಂದು ಕಡೆ ಒಂದೊಂದು ಥರ ಮೆತ್ತಿರುತ್ತೆ."

"ಸರಿದಿದೆ?"

"ಹಾಗಂತ್ಲೂ ಹೇಳಕ್ಕಾಗಲ್ಲ."

  

"ಎರಡು ವರ್ಷ ಕೂತು ನೀನು ಕಂಡುಹಿಡಿದಿದ್ದು ಇದು?"

"ಹೌದು."

ನೋಟಿಸನ್ನು ಹತ್ತು ದಿನ ತಡೆಯಲು ಒಪ್ಪಿದರು. ಈಗಿರುವ ಗೋಡೆಯನ್ನೇ ಇನ್ನೊಮ್ಮೆ ಅಳೆದು, ಚಿತ್ರ ಬರೆದ ಮೇಲೆ ತೆಗೆದ ಎರಡನೆಯ ಅಳತೆಗೆ ಹೋಲಿಸಬೇಕು. ಸರಿದಿಲ್ಲದಿದ್ದರೆ ಹಾಜ್ಜಾ ಅಲ್ಲೇ ಇರಬಹುದು.

"ಹತ್ತು ದಿನ ಗೋಡೆಗೆ ಯಾರೂ ಏನೂ ಮಾಡ್ಬಾರ್ದು ಹಾಜ್ಜಾ. ಮೊಳೆ ಹೊಡೀಬಾರ್ದು, ತೊಳೀಬಾರ್ದು."

"ನನಗೇನು ಬುದ್ಧಿ ಇಲ್ವಾ?"

ಹನ್ನೊಂದನೆಯ ದಿನ ಹೊಸ ಬಿಂದುಗಳು ಬಂದವು. ಪಟ್ಟಿಗೆ 'ಪೇಂಟರ್' ಎಂದು ಒಂದು ಸಾಲು ಸೇರಿಸಿದ್ದೆ. ನಕಾಶೆ ನಿಧಾನವಾಗಿ ಪರದೆಯ ಮೇಲೆ ಮೂಡಿತು. ಕಾಬಾ ಹಸಿರು, ವಿಮಾನ ಹಸಿರು, ಗೋಡೆಯ ಮೂಲೆಮೂಲೆಯೂ ಹಸಿರು. ಏನೂ ಸರಿದಿರಲಿಲ್ಲ. ಹಡಗಿನ ತಳದಲ್ಲಿ ನಾನು ಕೆರೆದ ಕಡೆ ಒಂದು ಗುಂಡಿ. ಅದರ ಪಕ್ಕದಲ್ಲಿ, ಮೊದಲು ಏನೂ ಇಲ್ಲದಿದ್ದಲ್ಲಿ, ಅಂಗೈಯಗಲ ಕೆಂಪು.

ಡಾಕ್ಟರ್ ವಗ್ದಿ ಹಿಂದೆ ಬಂದು ನಿಂತರು.

"ಮನೆ ಉಳೀತು. ಸರಿ, ಇದೇನಿದು ಕೆಂಪು? ಮೂರು ಕಾಲು, ಅದರ ಹಿಂದೆ ಬಗ್ಗಿ ನಿಂತಿರೋದು ಯಾರು?"

ಹಾಜ್ಜಾ ಪೇಂಟರನ್ನು ಮತ್ತೆ ಕರೆಸಿದ್ದರು. ಈ ಸಲವೂ ಗಾರೆ ಉಬ್ಬಿಸಿಯೇ ಮಾಡಿಸಿದ್ದರು, ಎರಡು ಮಿಲಿಮೀಟರ್. ಹಾಜ್ಜಾರ ಬೀದಿಯಲ್ಲಿ ನಾನು ಒಮ್ಮೆಯೂ ಆ ಸ್ಟ್ಯಾಂಡು ಹಿಡಿದವನಲ್ಲ. ಆ ಸುಳ್ಳು ಹಡಗಿನ ಪಕ್ಕಕ್ಕೇ ಈ ಇನ್ನೊಂದು ಸುಳ್ಳನ್ನೂ ನಿಲ್ಲಿಸಿದ್ದರು.

"ನಾನೇ ಇರಬೇಕು ಡಾಕ್ಟರ್," ಎಂದೆ.